ನೀರು ನಿಧಾನವಾದ ದಿನ

"ಅವತ್ತು ನನ್ನ ಮಾತು ಮುಗಿದುಹೋಯ್ತು ಮೇಡಂ, ನೀರು ಮಾತ್ರ ಮುಗಿದಿರಲಿಲ್ಲ."

ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ ಇದನ್ನು ಹೇಳಿದ್ದು ನಾಚಿಕೊಂಡು. ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದ ಇನ್ಸ್‌ಪೆಕ್ಟರ್ ಇದ್ದಲ್ಲೇ ನಿಂತುಬಿಟ್ಟಳು.

"ಇನ್ನೊಂದು ಸಲ ಹೇಳಿ."

"ಅಯ್ಯೋ, ಅದೇನು ದೊಡ್ಡ ವಿಷಯ ಅಲ್ಲ. ನಾನು ಮಾತಿಗೆ ನಿಂತರೆ ಕೂರೋದೇ ಇಲ್ಲ ಅಂತ ಎಲ್ಲರೂ ಆಡಿಕೊಳ್ತಾರೆ. ಪ್ರತಿ ವರ್ಷವೂ ನೀರು ತುಂಬಿ, ಪ್ರೊಫೆಸರ್ ಕೈ ಎತ್ತಿದ ಮೇಲೂ ನಾಲ್ಕು ಮಾತು ಕದ್ದು ಹೇಳಿಯೇ ಕೂರ್ತಿದ್ದೆ. ಈ ಸಲ ಹೇಳೋದೆಲ್ಲ ಹೇಳಿ ಮುಗಿಸಿ ತಿರುಗಿ ನೋಡ್ತೀನಿ, ನೀರು ಇನ್ನೂ ಅಳೆಯೋಳ ಸೊಂಟದ ಹತ್ತಿರಾನೂ ಬಂದಿಲ್ಲ. ಸುಮ್ಮನೆ ನಿಲ್ಲೋಕೆ ಆಗುತ್ತಾ? ಹೇಳಿದ ಕತೇನೇ ಇನ್ನೊಂದು ಸಲ ಶುರು ಮಾಡಿದೆ."

ಪುರಾಣಗಳನ್ನೂ ಪ್ರಾಚೀನರ ಕಾಲದ ಕಲ್ಪನೆಗಳನ್ನೂ ಓದುತ್ತ ಕೂದಲು ಹಣ್ಣಾದ ಪ್ರೊಫೆಸರ್ ತಮ್ಮ ಓದುಕೋಣೆಯ ಏಣಿಯ ಬುಡದಲ್ಲಿ ಸತ್ತು ಬಿದ್ದದ್ದು ಮೊನ್ನೆ. ಅವರನ್ನು ಏಣಿಯಿಂದ ತಳ್ಳಿದವಳು ಎಂದು ಅವರದೇ ಶಿಷ್ಯೆಯೊಬ್ಬಳು ಈಗ ಲಾಕಪ್ಪಿನಲ್ಲಿದ್ದಳು.

ನಾಳೆ ಬೆಳಿಗ್ಗೆ ಅವಳನ್ನು ಕೋರ್ಟಿಗೆ ಹಾಜರುಪಡಿಸಬೇಕು. ಮೇಲಧಿಕಾರಿ ಮಧ್ಯಾಹ್ನ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಇಷ್ಟು ನೇರವಾದ ಕೇಸಿಗೆ ಇಷ್ಟು ಯಾಕಮ್ಮ ಒದ್ದಾಡ್ತೀಯ?"

ಯಾಕೆ ಒದ್ದಾಡುತ್ತಿದ್ದೇನೆ ಎಂಬುದು ಇನ್ಸ್‌ಪೆಕ್ಟರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲ ಹೇಳಿಕೆಗಳೂ ಒಂದಕ್ಕೊಂದು ಹೊಂದುತ್ತಿದ್ದವು. ಹೊಂದುವುದರಲ್ಲೇ ಏನೋ ಸರಿಯಿಲ್ಲ ಎನಿಸುತ್ತಿತ್ತು. ಕಿವಿಯೊಳಗೆ ಹುಳ ಹೊಕ್ಕಂಥ ಕಿರಿಕಿರಿ.

ಅವಳು ಸಭಾಂಗಣದ ನಡುವೆ ಇದ್ದ ಮೇಜಿನ ಹತ್ತಿರ ಬಂದಳು. ಸಾವು ನಡೆದ ದಿನ ಕಾಲ ಅಳೆದ ಯಂತ್ರ ಇನ್ನೂ ಅಲ್ಲೇ ಇತ್ತು.

ಯಂತ್ರ ಎನ್ನುವಷ್ಟು ದೊಡ್ಡದೇನಲ್ಲ. ಮರದ ಚೌಕಟ್ಟಿನ ಮೇಲೆ ಒಂದು ತಾಮ್ರದ ಪಾತ್ರೆ. ಅದರ ಬುಡದಲ್ಲಿ ಸೂಜಿಯಷ್ಟು ಸಣ್ಣ ಕೊಳವೆ. ಕೆಳಗೆ ಎತ್ತರದ ಗಾಜಿನ ಪಾತ್ರೆ. ಮೇಲಿನ ನೀರು ಕೊಳವೆಯಿಂದ ಸೋರಿ ಗಾಜಿನಲ್ಲಿ ಏರುತ್ತ ಹೋಗುತ್ತದೆ.

ಗಾಜಿನ ಮೇಲೆ ಮೂವರು ಹೆಂಗಸರನ್ನು ಕೊರೆದಿದ್ದರು, ಒಬ್ಬಳ ತಲೆಯ ಮೇಲೆ ಇನ್ನೊಬ್ಬಳು. ಗ್ರೀಕರ ಪುರಾಣದ ಅಕ್ಕತಂಗಿಯರು. ಕೆಳಗಿನವಳು ಮನುಷ್ಯನ ಆಯುಸ್ಸಿನ ದಾರ ನೂಲುವವಳು, ನಡುವಿನವಳು ಅಳೆಯುವವಳು, ಮೇಲಿನವಳು ಕತ್ತರಿಸುವವಳು. ನೀರು ಮೇಲಿನವಳ ಕತ್ತರಿ ಮುಟ್ಟಿತೆಂದರೆ ಮಾತಾಡುವವರು ಬಾಯಿ ಮುಚ್ಚಬೇಕು. ಪ್ರೊಫೆಸರರ ಕಾನೂನು ಅದು.

ವರ್ಷಕ್ಕೊಮ್ಮೆ ಅವರು ತಮ್ಮ ಸಂಶೋಧಕರನ್ನೆಲ್ಲ ಈ ಸಭಾಂಗಣದಲ್ಲಿ ಕೂರಿಸಿ, ಪರದೆ ಎಳೆಸಿ, ಗೋಡೆ ಗಡಿಯಾರ ಇಳಿಸಿ, ವಾಚು ಫೋನುಗಳನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಹಾಕಿಸುತ್ತಿದ್ದರು. ಹಳಬರು ಕಾಲವನ್ನು ಹೇಗೆ ಅನುಭವಿಸಿದರೋ ಹಾಗೆ ಒಂದು ದಿನವಾದರೂ ಅನುಭವಿಸಿ ನೋಡಿ ಎಂಬುದು ಅವರ ಹಟ. ಮೊನ್ನೆಯೂ ಮುನ್ನುಡಿಯ ಮಾತಾಡಿ, ಮೇಲ್ವಿಚಾರಕಿಯ ಮೊದಲ ಉಪನ್ಯಾಸ ಮುಗಿದಾಗ ಬರುತ್ತೇನೆಂದು ಮಹಡಿಯ ಓದುಕೋಣೆಗೆ ಹೋದವರು ಮತ್ತೆ ಇಳಿದು ಬರಲಿಲ್ಲ.

"ನೀವು ಮಾತಾಡ್ತಿದ್ದಾಗ ಯಾರ್‍ಯಾರು ಎದ್ದು ಹೋದರು?" ಇನ್ಸ್‌ಪೆಕ್ಟರ್ ಕೇಳಿದಳು.

"ಆಗಲೇ ಹೇಳಿದೀನಲ್ಲ. ಪ್ರೊಫೆಸರ ಅಳಿಯ ಒಂದು ಸಲ ಹೋಗಿ ಬಂದರು. ನೀರಿನ ಉಸ್ತುವಾರಿ ಅವರದೇ ಅಲ್ವಾ, ಏನೋ ತರೋಕೆ ಹೋಗಿರಬೇಕು. ಹೋದಾಗ ನೀರು ನೂಲೋಳ ಕೈ ಹತ್ತಿರ ಇತ್ತು, ಬಂದಾಗ ಭುಜಾನೂ ಮುಟ್ಟಿರಲಿಲ್ಲ. ಅಷ್ಟೇ, ಕಣ್ಣು ಮುಚ್ಚಿ ತೆಗೆಯೋದರೊಳಗೆ. ಆಮೇಲೆ ನಾನು ಅದೇ ಕತೆ ಎರಡನೇ ಸಲ ತೆಗೆದಾಗ ಆ ಹುಡುಗಿ ಎದ್ದು ಹೋದಳು. ಅವಳು ಎದ್ದಿದ್ದು ನನಗೆ ಬೇಜಾರಾಗಿತ್ತು, ನಿಜ ಹೇಳ್ತೀನಿ."

ಆ ಹುಡುಗಿ ಎಂದರೆ ಈಗ ಲಾಕಪ್ಪಿನಲ್ಲಿದ್ದವಳು. ಎಲ್ಲದಕ್ಕೂ ಕೈ ಎತ್ತುವ ಚಾಳಿಯಿಂದ ಪ್ರೊಫೆಸರರ ವಿಭಾಗದಲ್ಲಿ ಅವಳಿಗೆ 'ಪ್ರಶ್ನೆ' ಎಂದೇ ಹೆಸರು.

"ಅಳಿಯ ವಾಪಸು ಬಂದ ಮೇಲೆ ಏನು ಮಾಡ್ತಿದ್ದರು?"

"ಏನೂ ಇಲ್ಲ. ಗಾಜು ಒರೆಸ್ತಾ ಕೂತಿದ್ದರು."

"ಗಾಜು ಒರೆಸ್ತಾ?"

"ಅದಕ್ಕೆ ಮಂಜು ಕಟ್ಟಿಕೊಳ್ತಿತ್ತಲ್ಲ. ಒರೆಸದಿದ್ದರೆ ಗೊಂಬೆಗಳೇ ಕಾಣ್ತಿರಲಿಲ್ಲ. ಮೇಲಿನ ತಾಮ್ರದ ಪಾತ್ರೆಯೂ ಬೆವರಿಬಿಟ್ಟಿತ್ತು. ನನ್ನ ಟಿಪ್ಪಣಿ ಹಾಳೆ ಅದರ ಪಕ್ಕದಲ್ಲೇ ಇಟ್ಟಿದ್ದೆ, ಶಾಯಿ ಎಲ್ಲ ಕದಡಿಹೋಯ್ತು."

ಇನ್ಸ್‌ಪೆಕ್ಟರ್ ಪಾತ್ರೆಯ ಮೇಲೆ ಅಂಗೈ ಇಟ್ಟಳು. ಈಗ ಒಣಗಿತ್ತು. ಮಣ್ಣಿನ ಮಡಕೆ ಬೆವರಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಾಮ್ರ ಬೆವರಬೇಕಾದರೆ ಒಳಗಿನ ನೀರು ಕೊರೆಯುತ್ತಿರಬೇಕು.

"ನೀರು ತಣ್ಣಗಿದ್ದರೆ ಈ ಗಡಿಯಾರಕ್ಕೆ ಏನಾಗುತ್ತೆ?"

ಮೇಲ್ವಿಚಾರಕಿ ಬಾಯಿ ತೆರೆದವರು ಹಾಗೇ ಉಳಿದರು. ಹೊಳೆದದ್ದು ಅವರ ಮುಖದ ಮೇಲೇ ಕಾಣಿಸಿತು.

"ನಿಧಾನ ಆಗುತ್ತೆ," ಎಂದರು ಮೆಲ್ಲಗೆ. "ಹಳಬರೇ ಬರೆದಿಟ್ಟಿದ್ದಾರೆ. ಚಳಿಗೆ ನೀರು ದಪ್ಪ ಆಗಿ ಗಡಿಯಾರ ಹಿಂದೆ ಬೀಳುತ್ತೆ ಅಂತ. ಪ್ರೊಫೆಸರ್ ಅದನ್ನ ಪಾಠದಲ್ಲೇ ಹೇಳ್ತಿದ್ದರು. ನಾನು ಎಂಥ ಪೆದ್ದಿ, ನನ್ನ ಮುಂದೇನೇ..."

"ಅಂದರೆ ಅಳಿಯ ಹೊರಗಿದ್ದದ್ದು ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತಲ್ಲ."

 

ಇನ್ಸ್‌ಪೆಕ್ಟರ್ ಹೊರಗೆ ಬಂದಳು. ಮೊಗಸಾಲೆಯ ಬೆಂಚಿನ ಮೇಲೆ ಹೆಡ್ ಕಾನ್‌ಸ್ಟೇಬಲ್ ಕಾಲು ಚಾಚಿಕೊಂಡು ಕೂತಿದ್ದ. ಸ್ಟೇಷನ್ನಿನಲ್ಲಿ ಎಲ್ಲರೂ ಅವನನ್ನು ನಿಧಾನಪ್ಪ ಎನ್ನುತ್ತಿದ್ದರು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ.

"ಕ್ಯಾಂಟೀನಿನಿಂದ ಎಷ್ಟು ಸಿಗುತ್ತೋ ಅಷ್ಟು ಐಸ್ ತಗೊಂಡು ಬನ್ನಿ. ಆ ಅಳಿಯನ್ನೂ ಕರೆಸಿ. ಬೇಗ."

"ಐಸಾ ಮೇಡಂ? ತಲೆ ಬಿಸಿಯಾಗಿದೆಯಾ?"

"ಹೌದು, ಎದ್ದೇಳಿ."

ಅವನು ಏಳುತ್ತ ಮೆಟ್ಟಿಲ ಕಡೆ ನೋಡಿದ. "ಒಂದು ಯೋಚನೆ ಬಂತು ಮೇಡಂ. ಸತ್ತರು ಅನ್ನೋಕೆ ನಾವು ಕಾಲವಾದರು ಅಂತೀವಲ್ಲ. ಈ ಮಹಾನುಭಾವರು ಕಾಲದ ಬಗ್ಗೆ ಓದಿ ಓದಿ ಕೊನೆಗೆ ತಾವೇ ಕಾಲವಾದರು."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು.

ಅವನು ಬರುವ ತನಕ ಅವಳು ಮೊಗಸಾಲೆಯ ಉದ್ದಕ್ಕೂ ನಡೆದಳು. ಮಹಡಿಯ ಮೆಟ್ಟಿಲ ಬುಡದಲ್ಲಿ ಒಂದು ಕುರ್ಚಿ, ಒಂದು ಸಣ್ಣ ಮೇಜು. ಪ್ರೊಫೆಸರರ ತಂಗಿ ಮೊನ್ನೆ ಇಲ್ಲೇ ಕೂತಿದ್ದದ್ದು. ಅಣ್ಣನ ಹೆಂಡತಿ ತೀರಿಕೊಂಡಾಗಿನಿಂದ ಅವನ ಮನೆ ನೋಡಿಕೊಂಡು, ಅವನ ಮಗಳನ್ನು ಸಾಕಿ ಬೆಳೆಸಿದ ಹೆಂಗಸು. ಎಲ್ಲರ ಫೋನು ವಾಚುಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕೈಯಲ್ಲಿ ವಾಚು ಕಟ್ಟಿಕೊಂಡು ಕಾವಲು ಕೂತಿದ್ದವರು ಆಕೆ ಒಬ್ಬರೇ.

ಆಕೆಯ ಹೇಳಿಕೆ ಕೇಸಿನ ಬೆನ್ನೆಲುಬು. ಅಣ್ಣನಿಗೆ ಬಿಸಿ ಹಾಲು ಕೊಟ್ಟು ಇಳಿದು ಬಂದವರು ಕುರ್ಚಿ ಬಿಟ್ಟು ಕದಲಲಿಲ್ಲ. ಮಹಡಿಗೆ ಹೋದವಳು ಪ್ರಶ್ನೆ ಒಬ್ಬಳೇ. ಹೋದಮೇಲೆ ಅಣ್ಣ ಅವಳನ್ನು ಗದರಿಸಿದ ದನಿ ಕೇಳಿಸಿತು. ಅವಳು ಇಳಿದು ಬಂದಾಗ ಮುಖ ಕಪ್ಪಿಟ್ಟಿತ್ತು. ನೀರು ಕತ್ತರಿ ಮುಟ್ಟಿದರೂ ಅಣ್ಣ ಇಳಿಯದಿದ್ದಾಗ ತಾನೇ ಹೋಗಿ ನೋಡಿದರೆ ಏಣಿಯ ಕೆಳಗೆ ಬಿದ್ದಿದ್ದ.

ಪ್ರಶ್ನೆ ಹೇಳುವುದೇ ಬೇರೆ. ಬಾಗಿಲು ತಟ್ಟಿದೆ, ಸದ್ದಿಲ್ಲ, ವಾಪಸು ಬಂದೆ ಎನ್ನುತ್ತಾಳೆ. ಆದರೆ ಅವಳನ್ನು ನಂಬುವವರು ಯಾರು? ಹಿಂದಿನ ವಾರವೇ ಅವಳ ಪ್ರಬಂಧದ ಒಂದು ಅಧ್ಯಾಯಕ್ಕೆ ಪ್ರೊಫೆಸರ್ ಅಡ್ಡಗೆರೆ ಎಳೆದಿದ್ದರು. ಕಾಲ ಒಂದು ಚಕ್ರ, ಹೋದದ್ದು ಮತ್ತೆ ಬರುತ್ತದೆ ಎಂದು ಹಳಬರು ನಂಬಿದ್ದರು ಎಂಬುದು ಅವರ ಜೀವಮಾನದ ವಾದ. ಚಕ್ರ ಎಂದವರು ಅರಮನೆಯವರು, ದುಡಿದು ತಿನ್ನುವವರಿಗೆ ಕಾಲ ಎಂದರೆ ಒಂದು ದಿನ ತುಂಡಾಗುವ ದಾರ ಎಂದು ಇವಳು ಬರೆದಿದ್ದಳು. ಇದೇ ಮೊಗಸಾಲೆಯಲ್ಲಿ, ಹತ್ತು ಜನರ ಮುಂದೆ, "ನಿಮ್ಮ ಕಾಲ ಮುಗೀತು ಸರ್" ಎಂದು ಕೂಗಿದ್ದಳು.

ಅವಳ ಪ್ರಕಾರ ಅದು ವಾದ. ಪೊಲೀಸರ ಪ್ರಕಾರ ಬೆದರಿಕೆ.

ಇವತ್ತು ಬೆಳಿಗ್ಗೆ ಇನ್ಸ್‌ಪೆಕ್ಟರ್ ಅವಳನ್ನು ನೋಡಲು ಹೋದಾಗ ಅವಳು ಕಂಬಿ ಹಿಡಿದು ಹೇಳಿದ್ದು ಬೇರೇನೋ. "ಮೇಡಂ, ಗ್ರೀಕರಿಗೆ ಕಾಲ ಎರಡು. ಒಂದು ಸುಮ್ಮನೆ ಹರಿಯೋದು. ಇನ್ನೊಂದು ಒದಗಿ ಬರೋದು. ಆ ದೇವರಿಗೆ ಮುಂದಲೆಯಲ್ಲಿ ಮಾತ್ರ ಕೂದಲು, ಹಿಂದೆ ಬೋಳು. ಎದುರಿಗೆ ಬಂದಾಗ ಹಿಡಿದರೆ ಹಿಡಿದಂಗೆ, ದಾಟಿ ಹೋದ ಮೇಲೆ ಕೈ ಜಾರುತ್ತೆ. ನನ್ನ ವಿಷಯದಲ್ಲಿ ಅದು ಇನ್ನೂ ದಾಟಿಲ್ಲ ಅಲ್ವಾ?"

 ಈಗ ಇನ್ಸ್‌ಪೆಕ್ಟರಿಗೆ ಆ ದೇವರ ಬೋಳುತಲೆ ಕಣ್ಣೆದುರೇ ದೂರ ಸಾಗುತ್ತಿರುವಂತೆ ಕಂಡು ನಡಿಗೆ ಇನ್ನಷ್ಟು ಬಿರುಸಾಯಿತು.

ಫೋನ್ ಹೊಡೆದುಕೊಂಡಿತು. ಶವಪರೀಕ್ಷೆ ಮಾಡಿದ ಡಾಕ್ಟರು.

"ನಿಮಗೆ ಹೇಳೋಣ ಅಂತ ಮಾಡಿದೆ. ಆ ತಲೆಗಾಯ ನನಗೆ ಸಮಾಧಾನ ಕೊಡ್ತಿಲ್ಲ. ಅಷ್ಟು ದೊಡ್ಡ ಪೆಟ್ಟಿಗೆ ಬರಬೇಕಾದಷ್ಟು ರಕ್ತ ಬಂದಿಲ್ಲ."

"ಅಂದರೆ?"

"ಅಂದರೆ ಪೆಟ್ಟು ಬಿದ್ದಾಗ ರಕ್ತ ಓಡ್ತಾ ಇತ್ತೋ ಇಲ್ಲವೋ ಅಂತ ನನಗೇ ಅನುಮಾನ. ಹೊಟ್ಟೆಯಲ್ಲಿದ್ದದ್ದನ್ನ ಪರೀಕ್ಷೆಗೆ ಕಳಿಸಿದ್ದೀನಿ. ವರದಿ ಬರೋದಕ್ಕೆ ಮುಂಚೆ ನನ್ನ ಹೆಸರು ಹೇಳಿ ಎಲ್ಲೂ ಬಾಯಿ ಬಿಡಬೇಡಿ."



ಅಳಿಯ ಬಂದ. ಅದೇ ವಿಭಾಗದಲ್ಲಿ ಉಪನ್ಯಾಸಕ, ಮಾವನ ಕೈಕೆಳಗೇ ಓದಿ, ಮಾವನ ಮಗಳನ್ನೇ ಮದುವೆಯಾದವನು. ಮೊನ್ನೆಯಿಂದ ಮುಖ ಕ್ಷೌರ ಕಂಡಿರಲಿಲ್ಲ. ಕಣ್ಣ ಕೆಳಗೆ ಕಪ್ಪು.

"ಕೂತ್ಕೊಳ್ಳಿ," ಎಂದಳು ಇನ್ಸ್‌ಪೆಕ್ಟರ್. ಮೇಲ್ವಿಚಾರಕಿಯನ್ನು ಕಳಿಸಿಯಾಗಿತ್ತು. ಸಭಾಂಗಣದಲ್ಲಿ ಪರದೆ ಎಳೆದು, ಗಾಜಿನ ಪಾತ್ರೆಯ ಹಿಂದೆ ದೀಪ ಹಚ್ಚಿದ್ದರು. "ಸುಮ್ಮನೆ ಒಂದು ಪರೀಕ್ಷೆ. ನೀವೂ ನೋಡಿ."

ನಿಧಾನಪ್ಪ ಮೊದಲು ನಲ್ಲಿಯ ನೀರು ಸುರಿದ. ಕೊಳವೆಯಿಂದ ಸಣ್ಣ ಧಾರೆ ಇಳಿಯಿತು. ನೂಲುವವಳ ಪಾದ ಮುಳುಗಿತು, ಮೊಣಕಾಲು ಮುಳುಗಿತು, ದಾರ ಹಿಡಿದ ಕೈ ಮುಳುಗಿತು. ಅಳಿಯ ಅದನ್ನು ನೋಡುತ್ತ ಕೂತ.

ಆ ನೀರು ಚೆಲ್ಲಿ, ನಿಧಾನಪ್ಪ ಐಸ್ ಕರಗಿಸಿದ ನೀರು ತುಂಬಿದ. ಧಾರೆ ತೆಳ್ಳಗಾಗಿ, ಕಡಿದು ಕಡಿದು, ಹನಿಯಾಗಿ ಬೀಳತೊಡಗಿತು.

ಇನ್ಸ್‌ಪೆಕ್ಟರಿಗೆ ಕೂರಲು ಆಗಲಿಲ್ಲ. ಅಳಿಯನ ಬೆನ್ನ ಹಿಂದೆ ಹೋದಳು, ಮುಂದೆ ಬಂದಳು, ಮತ್ತೆ ಹಿಂದೆ ಹೋದಳು. ಹನಿ, ಹನಿ, ಹನಿ. ನೂಲುವವಳ ಪಾದ ಮುಳುಗುವುದಕ್ಕೇ ಯುಗವೊಂದು ಕಳೆದಂತಾಯಿತು. ತಾಮ್ರದ ಮೈಮೇಲೆ ಬೆವರು ಮೂಡಿ ಒಂದೊಂದೇ ಗೆರೆಯಾಗಿ ಜಾರಿತು. ಗಾಜಿನ ಮೇಲೆ ಮಂಜು ಹರಡಿ, ಅಕ್ಕತಂಗಿಯರು ಮಸುಕಾಗುತ್ತ ಬಂದರು.

ಅಳಿಯನ ಬಲಗೈ ತಾನಾಗಿಯೇ ಜೇಬಿಗೆ ಹೋಯಿತು. ಕರವಸ್ತ್ರ ತೆಗೆದು ಗಾಜು ಒರೆಸಲು ಚಾಚಿತು.

ಅರ್ಧಕ್ಕೇ ನಿಂತಿತು.

"ಒರೆಸಿ," ಎಂದಳು ಇನ್ಸ್‌ಪೆಕ್ಟರ್. "ಮೊನ್ನೆ ಒರೆಸ್ತಾ ಇದ್ದಿರಲ್ಲ, ಹಾಗೇ."

 ಕರವಸ್ತ್ರ ಮೇಜಿನ ಮೇಲೆ ಬಿತ್ತು.

"ನಾನು ಕೊಂದಿಲ್ಲ ಮೇಡಂ."

"ಐಸ್ ಹಾಕಿದ್ದು ನೀವೇ ತಾನೆ?"

"ಹಾಕಿದ್ದು ನಾನೇ. ಹಾಕು ಅಂದಿದ್ದು ಮಾವ."

ಇನ್ಸ್‌ಪೆಕ್ಟರ್ ನಡಿಗೆ ನಿಲ್ಲಿಸಿದಳು.

"ಅವರದೇ ಯೋಜನೆ ಅದು. ಕಾಲ ಅನ್ನೋದು ನೀರಲ್ಲೂ ಇಲ್ಲ, ಆಕಾಶದಲ್ಲೂ ಇಲ್ಲ, ನಾವು ನಾಲ್ಕು ಜನ ಸೇರಿ ಒಪ್ಪಿಕೊಂಡದ್ದೇ ಕಾಲ ಅಂತ ಈ ಸಲ ತೋರಿಸಬೇಕು ಅಂದರು. ನೀರು ನಿಧಾನ ಮಾಡೋಣ, ಒಬ್ಬರಿಗೂ ಗೊತ್ತಾಗಲ್ಲ ನೋಡು, ಕೊನೇಲಿ ನಾನೇ ಬಂದು ಗುಟ್ಟು ಒಡೀತೀನಿ ಅಂದರು. ಚಿಕ್ಕ ಮಗು ಥರ ಖುಷಿಯಾಗಿದ್ದರು ಮೇಡಂ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

ಅವನು ಬಿದ್ದ ಕರವಸ್ತ್ರ ಎತ್ತಿ ಮಡಿಸತೊಡಗಿದ.

"ನೀವು ಹೇಳಿದ್ದು ಕೈ ತೊಳೆಯೋಕೆ ಹೋಗಿ ಬಂದೆ ಅಂತ. ಹೋಗಿದ್ದು ಎಲ್ಲಿಗೆ?"

"ಮೇಲಕ್ಕೆ. ಐಸ್ ಜಾಸ್ತಿ ಆಗಿಹೋಗಿತ್ತು. ನೀರು ಇಳೀತಾನೇ ಇರಲಿಲ್ಲ. ಹೀಗೇ ಆದರೆ ಸಂಜೆ ಆದರೂ ಮೊದಲ ಉಪನ್ಯಾಸ ಮುಗಿಯಲ್ಲ, ಸ್ವಲ್ಪ ಬಿಸಿ ನೀರು ಸೇರಿಸಲಾ ಅಂತ ಮಾವನ್ನ ಕೇಳೋಕೆ ಹೋದೆ."

"ಮೆಟ್ಟಿಲ ಬಳಿ ನಿಮ್ಮ ಹೆಂಡತಿಯ ಸೋದರತ್ತೆ ಕೂತಿದ್ದರಲ್ಲ. ನೀವು ಹೋಗಿದ್ದನ್ನ ಅವರು ನೋಡಿಲ್ಲ ಅಂತಾರೆ."

"ಅವರು ಅಲ್ಲಿರಲಿಲ್ಲ ಮೇಡಂ. ಪೆಟ್ಟಿಗೆ ಮೇಜಿನ ಮೇಲಿತ್ತು. ಕುರ್ಚಿ ಖಾಲಿ ಇತ್ತು."

ನಿಧಾನಪ್ಪ ಬಾಗಿಲ ಬಳಿ ಒರಗಿದ್ದವನು ನೆಟ್ಟಗಾದ.

"ಮುಂದೆ," ಎಂದಳು ಇನ್ಸ್‌ಪೆಕ್ಟರ್.

"ಬಾಗಿಲು ಸುಮ್ಮನೆ ಒರಗಿಸಿತ್ತು. ಒಳಗೆ ಮಾವ ಕುರ್ಚಿಯಲ್ಲೇ ಕೂತಿದ್ದರು. ನಿದ್ದೆ ಬಂದಿರಬೇಕು ಅಂದ್ಕೊಂಡೆ. ಮಾವ ಅಂತ ಕರೆದೆ. ಭುಜ ಮುಟ್ಟಿದೆ. ತಲೆ ಪಕ್ಕಕ್ಕೆ ವಾಲಿತು. ಉಸಿರಿರಲಿಲ್ಲ."

"ಕುರ್ಚಿಯಲ್ಲಿ?"

"ಕುರ್ಚಿಯಲ್ಲಿ."

"ಏಣಿ?"

"ಗೋಡೆಗೆ ಒರಗಿಸಿತ್ತು, ಯಾವಾಗಿನ ಹಾಗೆ."

"ತಲೆಗೆ ಗಾಯ?"

"ಯಾವ ಗಾಯವೂ ಇರಲಿಲ್ಲ. ಪಕ್ಕದಲ್ಲಿ ಹಾಲಿನ ಲೋಟ ಖಾಲಿಯಾಗಿತ್ತು."

ಡಾಕ್ಟರ ಮಾತು ಇನ್ಸ್‌ಪೆಕ್ಟರ ಕಿವಿಯಲ್ಲಿ ಮತ್ತೆ ಕೇಳಿಸಿತು. ಬರಬೇಕಾದಷ್ಟು ರಕ್ತ ಬಂದಿಲ್ಲ. ಏಣಿಯ ಬುಡದಲ್ಲಿ ಸಿಕ್ಕಿದ್ದು ಬಿದ್ದವನಲ್ಲ, ಬೀಳಿಸಿಟ್ಟ ಹೆಣ. ಲೋಟದ ಮಾತು ಯಾರೂ ಎತ್ತಿರಲಿಲ್ಲ, ಪೊಲೀಸರು ಹೋದಾಗ ಕೋಣೆಯಲ್ಲಿ ಲೋಟವೇ ಇರಲಿಲ್ಲ.

ಸಿಟ್ಟು ಅಡಿಯಿಂದ ಮುಡಿಗೇರಿತು. ಆದರೂ ಅವಳು ದನಿ ಏರಿಸಲಿಲ್ಲ.

"ನಿಮ್ಮ ಮಾವ ಸತ್ತು ಕೂತಿದ್ದಾರೆ. ನೀವು ಬಾಗಿಲು ಎಳೆದುಕೊಂಡು ಬಂದು ಗಾಜು ಒರೆಸ್ತಾ ಕೂತಿರಿ. ಆ ಹುಡುಗಿ ಎದ್ದು ಹೋಗಿದ್ದು ಅದಾದ ಮೇಲೆ. ಅವಳು ಕೊಲ್ಲೋಕೆ ಸಾಧ್ಯವೇ ಇಲ್ಲ ಅಂತ ಈ ಊರಲ್ಲಿ ಗೊತ್ತಿದ್ದದ್ದು ನಿಮಗೆ. ಅವಳ ಕೈ ಹಿಡಿದು ಜೀಪಿಗೆ ಹತ್ತಿಸುವಾಗ ನೀವು ಅಲ್ಲೇ ನಿಂತಿದ್ದಿರಿ. ನಾನು ನೋಡಿದೀನಿ."

"ನಿಂತಿದ್ದೆ."

"ಅವಳಿಗೂ ಅಪ್ಪ ಅಮ್ಮ ಇದ್ದಾರೆ."

"ಗೊತ್ತು ಮೇಡಂ. ಅವತ್ತಿನಿಂದ ನನಗೆ ತುತ್ತು ಒಳಗೆ ಇಳೀತಿಲ್ಲ."

"ನಿಮಗೆ ತುತ್ತು ಇಳಿಯದಿದ್ದರೆ ಅವಳಿಗೆ ಏನು ಲಾಭ? ಯಾಕೆ ಬಾಯಿ ಮುಚ್ಚಿಕೊಂಡಿರಿ, ಅದನ್ನ ಹೇಳಿ."

ಅಳಿಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಬಂತು.

"ಶಾಲು."

"ಯಾವ ಶಾಲು?"

"ನನ್ನ ಹೆಂಡತಿದು. ಮಾವನ ಕುರ್ಚಿಯ ತೋಳಿನ ಮೇಲೆ ಬಿದ್ದಿತ್ತು. ಹಸಿರು ಅಂಚಿನದು, ನಾನೇ ತಂದುಕೊಟ್ಟಿದ್ದು. ಅವತ್ತು ಬೆಳಿಗ್ಗೆ ಅಪ್ಪ ಮಗಳಿಗೆ ದೊಡ್ಡ ಜಗಳ ಆಗಿತ್ತು. ಏನು ಅಂತ ಇಬ್ಬರೂ ಹೇಳಲಿಲ್ಲ. ಅವಳು ಅಳ್ತಾ ಬಾಗಿಲು ಹಾಕ್ಕೊಂಡಿದ್ದಳು. ಅವಳು ಬಸುರಿ ಮೇಡಂ. ಶಾಲು ನೋಡಿದ ಕೂಡಲೆ ನನಗೆ ಬೇರೆ ಏನೂ ಹೊಳೆಯಲಿಲ್ಲ. ತೆಗೆದು ಅಂಗಿಯೊಳಗೆ ಇಟ್ಟುಕೊಂಡು ಬಂದುಬಿಟ್ಟೆ."

"ಅವಳನ್ನ ಕೇಳಿದಿರಾ?"

"ಹೇಗೆ ಕೇಳೋದು? ನೀನು ನಿಮ್ಮಪ್ಪನ್ನ ಕೊಂದಿದೀಯ ಅಂತ ಕೇಳೋದಾ?" ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. "ಒಂದೇ ಮನೇಲಿ ಇದೀವಿ. ಅವಳು ನನ್ನ ಮುಖ ನೋಡ್ತಾಳೆ, ನಾನು ಗೋಡೆ ನೋಡ್ತೀನಿ."

 ಹನಿ ಬೀಳುವ ಸದ್ದೊಂದೇ. ಇನ್ಸ್‌ಪೆಕ್ಟರಿಗೆ ಆ ಸದ್ದು ತಡೆಯಲಾಗಲಿಲ್ಲ. ಕೊಳವೆಗೆ ಬೆರಳು ಒತ್ತಿ ಹಿಡಿದಳು.

"ಐಸ್ ತಂದುಕೊಟ್ಟವರು ಯಾರು?"

"ಏನು?"

"ಅಷ್ಟು ಐಸ್ ಎಲ್ಲಿಂದ ಬಂತು? ಅವತ್ತು ಕ್ಯಾಂಟೀನು ಮುಚ್ಚಿತ್ತು. ನಿಧಾನಪ್ಪ ಈಗ ಕೇಳಿಕೊಂಡು ಬಂದಿದ್ದಾರೆ."

"ಮನೆಯಿಂದ," ಎಂದ ಅಳಿಯ. "ಸೋದರತ್ತೆ ಫ್ಲಾಸ್ಕಿನಲ್ಲಿ ತುಂಬಿಕೊಂಡು ತಂದುಕೊಟ್ಟರು. ಮಾವ ಅವರಿಗೆ ಹೇಳಿದ್ದರು. ಸಾಲದು ಅಂತ ಇನ್ನೊಂದು ಫ್ಲಾಸ್ಕೂ ಅವರೇ..."

ಅವನು ಅಲ್ಲಿಗೇ ನಿಂತ.

ಒಳಗೆ ಕೂತವರಿಗೆ ಕಾಲ ಎಷ್ಟು ಸರಿಯಿತು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ ಎಂದು ಗೊತ್ತಿದ್ದವರು ಮೂವರು. ಒಬ್ಬರು ಸತ್ತಿದ್ದರು. ಒಬ್ಬ ಇಲ್ಲಿ ಕೂತಿದ್ದ. ಉಳಿದ ಒಬ್ಬರ ಕೈಯಲ್ಲಿ ಮಾತ್ರ ಸರಿಯಾದ ವಾಚು ಇತ್ತು.

ಆ ಹುಡುಗಿಯನ್ನು ಗದರಿಸಿದ ಅಣ್ಣನ ದನಿಯನ್ನು ಕೇಳಿಸಿಕೊಂಡವರೂ ಅವರೊಬ್ಬರೇ. ಆಗಲೇ ಸತ್ತಿದ್ದ ಅಣ್ಣನ ದನಿ. ಆ ಅಣ್ಣನಿಗೆ ಕೊನೆಯ ಲೋಟ ಹಾಲು ಕೊಟ್ಟವರೂ ಅವರೇ.

"ಹೆಂಡತಿಗೆ ಫೋನ್ ಮಾಡಿ," ಎಂದಳು ಇನ್ಸ್‌ಪೆಕ್ಟರ್. "ಸ್ಪೀಕರ್ ಹಾಕಿ. ಮೇಜಿನ ಮೇಲೆ ಇಡಿ."

ಅವನು ಹಿಂಜರಿದ.

"ನೀವು ಕೇಳದಿದ್ದರೆ ನಾನು ಜೀಪು ಕಳಿಸಿ ಕೇಳಬೇಕಾಗುತ್ತೆ. ಯಾವುದು ವಾಸಿ?"

ಫೋನ್ ಬಹಳ ಹೊತ್ತು ಹೊಡೆದುಕೊಂಡಿತು. ಕೊನೆಗೆ ದಣಿದ ಹೆಣ್ಣುದನಿ ಬಂತು.

"ಹೇಳಿ. ಊಟ ಆಯ್ತಾ?"

 

"ನಿನ್ನ ಹಸಿರು ಅಂಚಿನ ಶಾಲು..." ಎಂದ ಅಳಿಯ.

"ಅದನ್ನೇ ನಾನೂ ಹುಡುಕ್ತಾ ಇದೀನಿ. ಅತ್ತೆ ಅವತ್ತು ಮೊಗಸಾಲೆಯಲ್ಲಿ ಚಳಿ ಇರುತ್ತೆ ಅಂತ ಕೇಳಿ ಹೊದ್ದುಕೊಂಡು ಹೋಗಿದ್ದರು. ಎಲ್ಲಿ ಬಿಟ್ಟರೋ ಅವರಿಗೇ ನೆನಪಿಲ್ಲವಂತೆ. ಯಾಕೆ, ಸಿಕ್ಕಿತಾ?"

ಅಳಿಯ ಮೇಜಿನ ಅಂಚು ಹಿಡಿದುಕೊಂಡ. ಅವನ ಬಾಯಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ.

ಇನ್ಸ್‌ಪೆಕ್ಟರ್ ಫೋನಿನತ್ತ ಬಾಗಿದಳು. "ನಾನು ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ಹೆದರಬೇಡಿ. ಅವತ್ತು ಬೆಳಿಗ್ಗೆ ಅಪ್ಪನ ಜೊತೆ ಜಗಳ ಆಡಿದ್ದು ಯಾವುದಕ್ಕೆ?"

 ಆ ಕಡೆಯ ದನಿ ಸಣ್ಣದಾಯಿತು.

"ಅತ್ತೆ ವಿಷಯಕ್ಕೆ. ಅಪ್ಪ ಅವರನ್ನ ಬೇರೆ ಕಡೆ ಇರಿಸ್ತೀನಿ ಅಂತ ತೀರ್ಮಾನ ಮಾಡಿದ್ದರು. ವಯಸ್ಸಾದೋರು ಇರೋ ಯಾವುದೋ ಮನೆಗೆ. ಕಾರಣ ಕೇಳಿದರೆ ಹೇಳಲಿಲ್ಲ. ನನ್ನ ಸಾಕಿದೋರನ್ನ ಹೀಗೆ ಕಳಿಸ್ತೀರಾ ಅಂತ ನಾನೇ ಕೂಗಾಡಿದೆ. ಅತ್ತೆಗೆ ಇದು ಗೊತ್ತಾಗೋದು ಬೇಡ ಮೇಡಂ, ನೊಂದ್ಕೋತಾರೆ."

"ಅವರು ಮನೆಯಲ್ಲಿದ್ದಾರಾ ಈಗ?"

"ಇಲ್ಲ. ಆಗಲೇ ಹೊರಟರು."

"ಎಲ್ಲಿಗೆ?"

"ನಿಮ್ಮ ಸ್ಟೇಷನ್ನಿಗೇ. ಆ ಹುಡುಗಿ ಊಟ ಬಿಟ್ಟಿದ್ದಾಳೆ ಅಂತ ಯಾರೋ ಹೇಳಿದರಂತೆ. ತಪ್ಪು ಮಾಡಿದರೂ ನಮ್ಮ ಮನೆಗೆ ಬಂದು ಹೋಗಿದ್ದೋಳು, ಹಸಕೊಂಡು ಇರೋದು ಬೇಡ ಅಂತ ಬೆಳಿಗ್ಗೆಯಿಂದ ಅಡುಗೆ ಮಾಡಿ ಡಬ್ಬಿ ಕಟ್ಟಿಕೊಂಡು ಹೋದರು."

 ಇನ್ಸ್‌ಪೆಕ್ಟರ್ ನಿಧಾನಪ್ಪನ ಕಡೆ ತಿರುಗುವುದರೊಳಗೆ ಅವನು, ಜೀವಮಾನದಲ್ಲಿ ಮೊದಲ ಬಾರಿಗೆ, ಹೇಳುವ ಮುಂಚೆಯೇ ಸ್ಟೇಷನ್ನಿನ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟಿದ್ದ.

ಪಹರೆಯವನು ಎತ್ತಿದ.

"ಪ್ರೊಫೆಸರ ತಂಗಿ ಬಂದಿದ್ದಾರಾ?"

"ಬಂದಿದ್ದಾರೆ ಮೇಡಂ. ಎಂಥ ದೊಡ್ಡ ಮನಸ್ಸು ಆ ತಾಯಿದು. ಅಣ್ಣನ್ನ ಕೊಂದೋಳಿಗೆ ತಾವೇ ಊಟ ತಂದಿದ್ದಾರೆ."

"ಡಬ್ಬಿ ಒಳಗೆ ಬಿಟ್ಟಿರಾ?"

"ನಿಯಮದ ಪ್ರಕಾರ ಬಿಡಬಾರದು ಅಂತ ನಾನೂ ಹೇಳಿದೆ. ವಿಷ ಗಿಷ ಹಾಕಿದೀನಿ ಅಂತ ಅನುಮಾನಾನಾ ಮಗಾ, ಬೇಕಾದರೆ ನಾನೇ ಮೊದಲು ತಿಂದು ತೋರಿಸ್ತೀನಿ ಅಂದರು." ಅವನು ನಕ್ಕ. "ಈಗ ನೋಡಿ ಮೇಡಂ, ಆ ಹುಡುಗೀನೂ ಅವರೂ ಎದುರುಬದುರು ಕೂತುಕೊಂಡು ಒಂದೇ ಡಬ್ಬಿಯಿಂದ ಊಟ ಮಾಡ್ತಾ ಇದ್ದಾರೆ."